ಊರಿನ ಕೆಲಸ ಪಂಚಾಯಿತಿ ಪಟ್ಟಿಗೆ ಸೇರಿಸುವುದು ಹೇಗೆ? ವಾರ್ಡ್ ಸಭೆಯಿಂದ ಜಮಾಬಂದಿವರೆಗೆ

"ಚರಂಡಿ ಬೇಕು ಅಂತ ಅರ್ಜಿ ಕೊಟ್ಟು ವರ್ಷ ಆಯ್ತು. ಕೇಳಿದಾಗೆಲ್ಲ ಅನುದಾನ ಇಲ್ಲ ಅಂತಾರೆ. ಪಕ್ಕದ ಬೀದಿಗೆ ಮಾತ್ರ ಕಾಂಕ್ರೀಟ್ ಬಿತ್ತು. ಇದು ಹೇಗೆ?" ಓದುಗರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಊರು ಬೇರೆ, ಕೆಲಸ ಬೇರೆ, ಆದರೆ ಕಥೆ ಒಂದೇ.

ಕೆಲವು ಕಡೆ ಪಕ್ಷಪಾತ ನಡೆಯುವುದು ನಿಜ. ಆದರೆ ಎಷ್ಟೋ ಸಲ ಅರ್ಜಿ ತಪ್ಪಾದ ತಿಂಗಳಲ್ಲಿ ಹೋಗಿರುತ್ತದೆ. ಇಲ್ಲವೇ ಯಾವ ದುಡ್ಡಿನಿಂದ ಆಗಬೇಕು ಎಂದು ಹೇಳದೆ ಹೋಗಿರುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಒಂದು ಕೆಲಸ ಆಗಬೇಕಾದರೆ ಅದರ ಹೆಸರು ಮೂರು ಕಡೆ ಇರಬೇಕು: ವಾರ್ಡ್ ಸಭೆಯ ಪಟ್ಟಿ, ಗ್ರಾಮ ಸಭೆಯ ನಡಾವಳಿ (ಸಭೆಯ ತೀರ್ಮಾನ ಬರೆಯುವ ದಾಖಲೆ), ವರ್ಷದ ಕ್ರಿಯಾ ಯೋಜನೆ. ಇವುಗಳಲ್ಲಿ ಇಲ್ಲದ ಕೆಲಸಕ್ಕೆ ಪಿಡಿಒ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿ, ಮನಸ್ಸು ಮಾಡಿದರೂ ಬಿಲ್ ಮಾಡುವುದು ಕಷ್ಟ. ಆ ಮೂರು ಕಾಗದಗಳಿಗೆ ನಿಮ್ಮ ಬೀದಿಯ ಹೆಸರು ಸೇರಿಸುವ ದಾರಿಯನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಇದು ಹಳ್ಳಿಗಳ ಗ್ರಾಮ ಪಂಚಾಯಿತಿಗೆ ಮಾತ್ರ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳ ಕಾನೂನೇ ಬೇರೆ.

ಮೊದಲು, ಯಾರ ಕೈಯಲ್ಲಿ ಏನಿದೆ?

ಕರ್ನಾಟಕದಲ್ಲಿ ಪಂಚಾಯಿತಿಗಳು 1993ರ ಪಂಚಾಯತ್ ರಾಜ್ ಕಾಯ್ದೆಯಡಿ ನಡೆಯುತ್ತವೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಒಂದೇ ವಾರ್ಡ್‌ಗೆ ಇಬ್ಬರು, ಮೂವರು ಸದಸ್ಯರೂ ಇರಬಹುದು. ಸದಸ್ಯರು ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ. ಪಿಡಿಒ ಸರ್ಕಾರಿ ನೌಕರರು. ಯಾವ ಕೆಲಸ ಮಾಡಬೇಕು ಎಂದು ತೀರ್ಮಾನಿಸುವುದು ಸಭೆ. ಅದನ್ನು ಕಾಗದಕ್ಕೆ ತಂದು, ನಿಯಮದ ಪ್ರಕಾರ ಜಾರಿ ಮಾಡುವುದು ಪಿಡಿಒ. ಹಣ ಪಾವತಿಗೆ ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಒಪ್ಪಿಗೆಯೂ ಬೇಕು. ಹಾಗಾಗಿ "ಎಲ್ಲ ಪಿಡಿಒ ಕೈಲಿದೆ" ಎನ್ನುವುದೂ ತಪ್ಪು, "ಅಧ್ಯಕ್ಷರು ಹೇಳಿದರೆ ಸಾಕು" ಎನ್ನುವುದೂ ತಪ್ಪು.

ಸದಸ್ಯರ ಅವಧಿ ಮುಗಿದು ಚುನಾವಣೆ ಆಗದಿದ್ದರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಆಗ ಅರ್ಜಿಯಲ್ಲಿ ಅಧ್ಯಕ್ಷರ ಬದಲು ಅವರ ಹೆಸರು ಹಾಕಿ.

ಇಟ್ಟುಕೊಳ್ಳಬೇಕಾದದ್ದು ಜಾಸ್ತಿ ಏನಿಲ್ಲ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು, ಏಕೆಂದರೆ ಮತದಾರರೇ ಗ್ರಾಮ ಸಭೆಯ ಸದಸ್ಯರು. ಒಂದು ಫೈಲು, ಫೋಟೊ ತೆಗೆಯಲು ಫೋನು, ಜೊತೆಗೆ ನಾಲ್ಕೈದು ಮನೆಯವರು. ಒಬ್ಬರೇ ಹೋದರೆ ನಿಮ್ಮ ಸ್ವಂತ ಕೆಲಸ ಎಂದೇ ನೋಡುತ್ತಾರೆ.

ಹಂತ 1: ಕೆಲಸ ಪಂಚಾಯಿತಿಯದೇ ಎಂದು ಖಚಿತ ಮಾಡಿಕೊಳ್ಳಿ

ಕುಡಿಯುವ ನೀರು, ಬೀದಿ ದೀಪ, ಚರಂಡಿ, ಕಸ ವಿಲೇವಾರಿ, ಊರೊಳಗಿನ ರಸ್ತೆ, ಸ್ಮಶಾನ, ಗ್ರಾಮದ ಗ್ರಂಥಾಲಯ ಪಂಚಾಯಿತಿ ನೋಡಿಕೊಳ್ಳುವ ಕೆಲಸಗಳು. ಊರನ್ನು ಹಾದು ಹೋಗುವ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದೋ ಜಿಲ್ಲಾ ಪಂಚಾಯಿತಿಯದೋ ಆಗಿರಬಹುದು. ಸುಟ್ಟುಹೋದ ಟಿಸಿ (ಟ್ರಾನ್ಸ್‌ಫಾರ್ಮರ್), ಜೋತುಬಿದ್ದ ವೈರು ವಿದ್ಯುತ್ ಕಂಪನಿಯ ಕೆಲಸ. ಪಹಣಿ, ಪೋಡಿ, ಖಾತೆ ಬದಲಾವಣೆಯಂಥ ಜಮೀನಿನ ವಿಚಾರ ಕಂದಾಯ ಇಲಾಖೆಯದು.

ಇಲ್ಲಿ ಎಡವಿದರೆ ವರ್ಷವೇ ಹೋಗುತ್ತದೆ. ಗ್ರಾಮ ಸಭೆಯಲ್ಲಿ ಬೇರೆ ಇಲಾಖೆಯ ವಿಷಯ ಎತ್ತಬಾರದು ಎಂದೇನಿಲ್ಲ, ಇಲಾಖೆಯವರನ್ನೂ ಸಭೆಗೆ ಕರೆಯುತ್ತಾರೆ. ಆದರೆ ಪಂಚಾಯಿತಿ ಅಲ್ಲಿ ಮಾಡಬಹುದಾದದ್ದು ಶಿಫಾರಸು ಮಾತ್ರ.

ಹಂತ 2: ದುಡ್ಡು ಯಾವ ಚೀಲದಲ್ಲಿದೆ ಎಂದು ತಿಳಿಯಿರಿ

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಅನುದಾನ ಇಲ್ಲ ಎಂಬ ಮಾತು ಅರ್ಧ ಸತ್ಯವಾಗಿರುವುದು ಇಲ್ಲೇ. ಪಂಚಾಯಿತಿಗೆ ಒಂದೇ ಖಜಾನೆ ಇಲ್ಲ. ಬೇರೆ ಬೇರೆ ಚೀಲಗಳಿವೆ. ಒಂದರ ದುಡ್ಡನ್ನು ಇನ್ನೊಂದರ ಕೆಲಸಕ್ಕೆ ಹಾಕುವ ಹಾಗಿಲ್ಲ.

ಮೊದಲನೆಯದು ಸ್ವಂತ ಆದಾಯ. ಮನೆ ಕಂದಾಯ, ನೀರಿನ ಶುಲ್ಕ, ಅಂಗಡಿ ಪರವಾನಗಿ, ಸಂತೆ ಸುಂಕ, ಮಳಿಗೆ ಬಾಡಿಗೆ, ಮೊಬೈಲ್ ಟವರ್ ಶುಲ್ಕ ಇವೆಲ್ಲ ಇದರಲ್ಲಿ ಬರುತ್ತವೆ. ಸಭೆಗೆ ಹೆಚ್ಚು ಸ್ವಾತಂತ್ರ್ಯ ಇರುವುದು ಈ ದುಡ್ಡಿನ ಮೇಲೆ. ಆದರೆ ನೀವು ಕಟ್ಟುವ ಕಂದಾಯದ ರಸೀದಿಯನ್ನು ಒಮ್ಮೆ ನೋಡಿ. ಅದರಲ್ಲಿ ಶಿಕ್ಷಣ, ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪರಿಹಾರದ ಹೆಸರಿನಲ್ಲಿ ಸೆಸ್‌ಗಳಿರುತ್ತವೆ. ಸೆಸ್ ಎಂದರೆ ಒಂದು ನಿರ್ದಿಷ್ಟ ಉದ್ದೇಶಕ್ಕೆ ಮೇಲೆ ಸೇರಿಸುವ ಕರ. ನೀವು ಕಟ್ಟಿದ್ದೆಲ್ಲ ಚರಂಡಿಗೆ ಸಿಗುವುದಿಲ್ಲ. ಸ್ವಂತ ಆದಾಯದಲ್ಲೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಒಂದು ಪಾಲು, ಅಂಗವಿಕಲರಿಗೆ ಶೇ 5 ಮೀಸಲಿಡಬೇಕು. ನಿಮ್ಮ ಕೇರಿ ಆ ಪಾಲಿಗೆ ಬರುವುದಾದರೆ ಧೈರ್ಯವಾಗಿ ಕೇಳಿ. ಆ ಹಣ ಖರ್ಚಾಗದೆ ಉಳಿದಿದೆಯೇ ಎಂದೂ ಕೇಳಿ.

ಎರಡನೆಯದು ರಾಜ್ಯ ಸರ್ಕಾರದ ಶಾಸನಬದ್ಧ ಅನುದಾನ. ಕೇಳಲು ದೊಡ್ಡದು. ಆದರೆ ಬಹುಪಾಲು ಕೊಳವೆಬಾವಿ ಮತ್ತು ಬೀದಿ ದೀಪದ ಕರೆಂಟ್ ಬಿಲ್‌ಗೆ, ನೀರುಗಂಟಿಯಂಥ ಸಿಬ್ಬಂದಿಯ ಸಂಬಳಕ್ಕೆ ಹೋಗುತ್ತದೆ. ಹೊಸ ಕೆಲಸಕ್ಕೆ ಇದರಲ್ಲಿ ಉಳಿಯುವುದು ಕಡಿಮೆ.

ಮೂರನೆಯದು ಕೇಂದ್ರದ ಹಣಕಾಸು ಆಯೋಗದ ಅನುದಾನ. ಪಂಚಾಯಿತಿಯಲ್ಲಿ ಎಲ್ಲರ ಕಣ್ಣು ಇರುವುದು ಇದರ ಮೇಲೆ. 15ನೇ ಹಣಕಾಸು ಆಯೋಗದ ಅನುದಾನಕ್ಕೆ 2021-22ರಿಂದ 2025-26ರವರೆಗೆ ಇದ್ದ ನಿಯಮ ನೋಡಿ. ಒಟ್ಟು ಹಣದಲ್ಲಿ ಶೇ 60 ನಿರ್ಬಂಧಿತ, ಅಂದರೆ ಹೇಳಿದ ಕೆಲಸಕ್ಕೇ ಬಳಸಬೇಕಾದದ್ದು. ಅದರಲ್ಲಿ ಶೇ 30 ನೈರ್ಮಲ್ಯಕ್ಕೆ, ಇನ್ನು ಶೇ 30 ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಉಳಿದ ಶೇ 40 ಮುಕ್ತ. ಅದನ್ನು ಊರಿನ ಅಗತ್ಯ ನೋಡಿ ಬಳಸಬಹುದು, ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಮಾತ್ರ ಬಳಸುವಂತಿಲ್ಲ.

ಲೆಕ್ಕ ಸುಲಭವಾಗಲಿ ಎಂದು 10 ಲಕ್ಷ ಬಂತು ಅಂದುಕೊಳ್ಳಿ. 3 ಲಕ್ಷ ನೈರ್ಮಲ್ಯಕ್ಕೆ, 3 ಲಕ್ಷ ನೀರಿಗೆ, ಬಾಕಿ 4 ಲಕ್ಷ ಮಾತ್ರ ಮುಕ್ತ. ಊರಿನ ಎಲ್ಲ ವಾರ್ಡ್‌ಗಳೂ ಸಿಸಿ ರಸ್ತೆ ಕೇಳಿದರೆ ಎಲ್ಲರೂ ಆ 4 ಲಕ್ಷಕ್ಕೇ ಕೈ ಚಾಚಿದ ಹಾಗಾಯಿತು. ಅದೇ ನೀವು "ಬಚ್ಚಲ ನೀರು ಬೀದಿಗೆ ಹರಿಯುತ್ತಿದೆ, ಚರಂಡಿ ಮತ್ತು ಕೊನೆಯಲ್ಲಿ ಇಂಗುಗುಂಡಿ ಬೇಕು" ಎಂದು ಕೇಳಿದರೆ, ಅದನ್ನು ನೈರ್ಮಲ್ಯದ ಪಾಲಿನಲ್ಲಿ ಪರಿಗಣಿಸಿ ಎಂದು ವಾದಿಸಬಹುದು. ಅಲ್ಲಿ ಪೈಪೋಟಿ ಕಡಿಮೆ. ಪಕ್ಕದ ಬೀದಿಗೆ ಹೇಗೆ ದುಡ್ಡು ಬಂತು ಎಂಬುದಕ್ಕೆ ಉತ್ತರ ಎಷ್ಟೋ ಸಲ ಇಷ್ಟೇ. ಅವರು ಬೇರೆ ಚೀಲದಿಂದ ಕೇಳಿರುತ್ತಾರೆ.

ಎಚ್ಚರಿಕೆ: 2026ರ ಏಪ್ರಿಲ್‌ನಿಂದ 16ನೇ ಹಣಕಾಸು ಆಯೋಗದ ಅವಧಿ. ಮೇಲಿನ ಪಾಲುಗಳನ್ನೇ ಹಿಡಿದು ವಾದಕ್ಕೆ ಇಳಿಯಬೇಡಿ. "ಈ ವರ್ಷದ ಅನುದಾನಕ್ಕೆ ಯಾವ ಸುತ್ತೋಲೆ ಇದೆ, ಒಂದು ಪ್ರತಿ ಕೊಡಿ ಸರ್" ಎಂದು ಕೇಳಿ ಪಡೆಯಿರಿ.

ಇವುಗಳ ಜೊತೆಗೆ ಉದ್ಯೋಗ ಖಾತ್ರಿ, ಜಲ ಜೀವನ್, ಸ್ವಚ್ಛ ಭಾರತ್, ವಸತಿ ಯೋಜನೆಗಳಿವೆ. ಒಂದೊಂದಕ್ಕೂ ಅದರದೇ ನಿಯಮ. ಶಾಸಕರ ಮತ್ತು ಸಂಸದರ ನಿಧಿ ಪಂಚಾಯಿತಿಯ ತೀರ್ಮಾನಕ್ಕೆ ಬರುವುದೇ ಇಲ್ಲ.

ಯಾವ ಚೀಲದಲ್ಲಿ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ವರ್ಷ ಆರಿಸಿದರೆ ಸಾಕು. ಯೋಜನೆಯಲ್ಲಿ ಸೇರಿದ ಕೆಲಸಗಳು, ಪಾವತಿಯಾದ ವೋಚರ್‌ಗಳು ಕಾಣುತ್ತವೆ. ಲಾಗಿನ್ ಬೇಡ. ಕಳೆದ ಎರಡು ವರ್ಷದ್ದನ್ನು ತೆಗೆದು ನೋಡಿ. ಯಾವ ವಾರ್ಡ್‌ಗೆ ಏನಾಗಿದೆ ಎಂಬ ಚಿತ್ರ ಸಿಗುತ್ತದೆ. ಸಭೆಯಲ್ಲಿ ಮಾತಾಡಲು ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಹಂತ 3: ಅರ್ಜಿ ಬರೆಯಿರಿ, ಸ್ವೀಕೃತಿ ತೆಗೆದುಕೊಳ್ಳಿ

ಅರ್ಜಿ ಒಂದೇ ಪುಟ ಇರಲಿ. ಒಂದು ಅರ್ಜಿಗೆ ಒಂದೇ ಕೆಲಸ. "ನಮ್ಮ ಬೀದಿಗೆ ಮೂಲಸೌಕರ್ಯ ಕಲ್ಪಿಸಿಕೊಡಬೇಕಾಗಿ ವಿನಂತಿ" ಎಂದು ಬರೆದರೆ ಅದು ಎಲ್ಲಿಗೂ ಸೇರದೆ ಫೈಲಿನಲ್ಲೇ ಉಳಿಯುತ್ತದೆ. ಹೀಗೆ ಬರೆಯಿರಿ:

"2ನೇ ವಾರ್ಡ್, ಮಾರಮ್ಮನ ಗುಡಿ ಮೂಲೆಯಿಂದ ಹಾಲಿನ ಡೇರಿವರೆಗೆ, ಬೀದಿಯ ಎಡಭಾಗದಲ್ಲಿ ಸುಮಾರು 120 ಮೀಟರ್ ಚರಂಡಿ ಇಲ್ಲ. 18 ಮನೆಗಳ ಬಚ್ಚಲ ನೀರು ರಸ್ತೆಗೆ ಬರುತ್ತಿದೆ. ಅಂಗನವಾಡಿ ಬಾಗಿಲಲ್ಲಿ ನೀರು ನಿಲ್ಲುತ್ತದೆ. ಈ ಕೆಲಸವನ್ನು ನೈರ್ಮಲ್ಯದ ಅನುದಾನದಡಿ ಬರುವ ವರ್ಷದ ಕ್ರಿಯಾ ಯೋಜನೆಗೆ ಸೇರಿಸಬೇಕು."

ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಎಷ್ಟು ಮನೆಗೆ ತೊಂದರೆ, ಯಾವ ದುಡ್ಡು. ಇವು ಇದ್ದರೆ ಜೆಇ, ಅಂದರೆ ಅಂದಾಜು ಪಟ್ಟಿ ಮಾಡುವ ಕಿರಿಯ ಎಂಜಿನಿಯರ್, ನೇರ ಜಾಗಕ್ಕೆ ಬಂದು ಟೇಪ್ ಹಿಡಿಯಬಹುದು. ಆ ಮನೆಗಳವರ ಸಹಿ ಹಾಕಿಸಿ, ಎರಡು ಫೋಟೊ ಲಗತ್ತಿಸಿ.

ಎರಡು ಪ್ರತಿ ಮಾಡಿ. ಒಂದು ಕಚೇರಿಗೆ. ಇನ್ನೊಂದರ ಮೇಲೆ ಸೀಲು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. "ಸುಮ್ನೆ ಇಟ್ಟು ಹೋಗಿ, ನೋಡ್ತೀವಿ" ಎಂದರೆ ಇಟ್ಟು ಬರಬೇಡಿ. ಸ್ವೀಕೃತಿ ಕೊಡಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಸದಸ್ಯರಿಗೆ ಬಾಯಿಮಾತಿನಲ್ಲಿ ಹೇಳಿದ್ದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದು ಅರ್ಜಿ ಅಲ್ಲ.

ಹಂತ 4: ವಾರ್ಡ್ ಸಭೆಗೆ ತಪ್ಪದೆ ಹೋಗಿ

ಸರ್ಕಾರದ ಜನ ಯೋಜನೆ ಅಭಿಯಾನ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ. ಮುಂದಿನ ವರ್ಷದ ಯೋಜನೆ ತಯಾರಾಗುವ ಹೊತ್ತು ಅದು. ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ ಅರ್ಜಿ ಕೊಟ್ಟರೆ ಆ ವರ್ಷದ ಪಟ್ಟಿ ಆಗಲೇ ಮುಗಿದಿರುತ್ತದೆ. ಹಾಗಾಗಿ ಹಂತ 3ರ ಕೆಲಸವನ್ನು ಸೆಪ್ಟೆಂಬರ್ ಒಳಗೆ ಮುಗಿಸಿ.

ಗ್ರಾಮ ಸಭೆಗೆ ಮೊದಲು ಪ್ರತಿ ವಾರ್ಡ್‌ನಲ್ಲೂ ವಾರ್ಡ್ ಸಭೆ ನಡೆಯಬೇಕು. ಬೇಡಿಕೆಗಳನ್ನು ಪಟ್ಟಿ ಮಾಡಿ, ಯಾವುದು ಮೊದಲು ಎಂದು ಕ್ರಮ ಹಾಕುವುದು ಇಲ್ಲಿ. ನನ್ನ ಅಭಿಪ್ರಾಯದಲ್ಲಿ ಇಡೀ ದಾರಿಯಲ್ಲಿ ಇದೇ ಅತಿ ಮುಖ್ಯ ಸಭೆ. ಜನ ಕಡಿಮೆ ಬರುವುದೂ ಇದಕ್ಕೇ. ಇಪ್ಪತ್ತು ಮೂವತ್ತು ಜನ ಕೂತು ಆರಾಮಾಗಿ ಮಾತಾಡಬಹುದು. ನಿಮ್ಮ ಬೀದಿಯ ಎಂಟು ಜನ ಬಂದರೂ ಪಟ್ಟಿಯ ಮೇಲ್ಭಾಗಕ್ಕೆ ಏರಬಹುದು.

ಕೆಲವು ಕಡೆ ವಾರ್ಡ್ ಸಭೆ ನಡೆಸದೆಯೇ ನಡೆಸಿದ ಹಾಗೆ ಪುಸ್ತಕದಲ್ಲಿ ಬರೆಯುತ್ತಾರೆ. ಮನೆಮನೆಗೆ ಪುಸ್ತಕ ತಂದು "ಇಲ್ಲೊಂದು ಸಹಿ ಹಾಕಿ ಅಕ್ಕ" ಎಂದು ಕೇಳಿದರೆ, ಮೇಲೆ ಏನು ಬರೆದಿದೆ ಎಂದು ಓದದೆ ಸಹಿ ಹಾಕಬೇಡಿ. ಖಾಲಿ ಪುಟಕ್ಕಂತೂ ಬೇಡವೇ ಬೇಡ.

ಹಂತ 5: ಗ್ರಾಮ ಸಭೆಯಲ್ಲಿ ತೀರ್ಮಾನ ಮಾಡಿಸಿ

ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಅಧ್ಯಕ್ಷತೆ ಪಂಚಾಯಿತಿ ಅಧ್ಯಕ್ಷರದು. ಬೇರೆ ಇಲಾಖೆಯ ಒಬ್ಬರು ನೋಡಲ್ ಅಧಿಕಾರಿಯಾಗಿ, ಅಂದರೆ ಸಭೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು, ಬರುತ್ತಾರೆ. ಇದಲ್ಲದೆ ಮಹಿಳಾ ಗ್ರಾಮ ಸಭೆ, ಮಕ್ಕಳ ಗ್ರಾಮ ಸಭೆಗಳೂ ಇವೆ. ನೀರು, ಶೌಚಾಲಯ, ಅಂಗನವಾಡಿ ವಿಷಯವಾಗಿದ್ದರೆ ಮಹಿಳಾ ಗ್ರಾಮ ಸಭೆಯಲ್ಲೂ ಎತ್ತಿ. ಎರಡು ನಡಾವಳಿಯಲ್ಲಿ ಬಂದ ಬೇಡಿಕೆಯನ್ನು ತಳ್ಳಿಹಾಕುವುದು ಕಷ್ಟ.

ಸಭೆಗೆ ಹೋಗುವ ಮೊದಲೇ ನಿಮ್ಮ ಬೀದಿಯವರು ಕೂತು ಯಾರು ಮಾತಾಡುವುದು ಎಂದು ಗೊತ್ತು ಮಾಡಿಕೊಳ್ಳಿ. ಗ್ರಾಮ ಸಭೆಯ ಹೊತ್ತೆಲ್ಲ ಮನೆ ಹಂಚಿಕೆಯ ಜಗಳದಲ್ಲಿ ಕಳೆದುಹೋಗುವುದು ಮಾಮೂಲು, ಏಕೆಂದರೆ ವಸತಿ ಫಲಾನುಭವಿಗಳ ಆಯ್ಕೆಯೂ ಇದೇ ಸಭೆಯಲ್ಲಿ. ಆಮೇಲೆ ನಿಮ್ಮ ಪಾಲಿಗೆ ಸಿಗುವುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಹಳೇ ಸಿಟ್ಟು ತೆಗೆಯಬೇಡಿ. ಅರ್ಜಿ ಸಂಖ್ಯೆ ಹೇಳಿ, ವಾರ್ಡ್ ಸಭೆ ಪಟ್ಟಿಯಲ್ಲಿ ಎಷ್ಟನೆಯದು ಎಂದು ಹೇಳಿ, "ಇದನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಲು ತೀರ್ಮಾನ ಬರೆಯಿರಿ" ಎಂದು ನೇರವಾಗಿ ಕೇಳಿ.

ಬರೆದದ್ದನ್ನು ನೋಡುವುದು ಅತಿ ಮುಖ್ಯ. ನಡಾವಳಿಯಲ್ಲಿ "ವಿಷಯದ ಬಗ್ಗೆ ಚರ್ಚಿಸಲಾಯಿತು" ಎಂದಷ್ಟೇ ಇದ್ದರೆ ಏನೂ ಆಗಿಲ್ಲ ಎಂದೇ ಅರ್ಥ. ಕೆಲಸದ ಹೆಸರು, ಜಾಗ, ಅನುದಾನದ ಹೆಸರು ಮೂರೂ ಇರಬೇಕು. ಸಭೆ ಮುಗಿಯುವ ಮೊದಲು ತೀರ್ಮಾನಗಳನ್ನು ಓದಿ ಹೇಳಿ ಎಂದು ಕೇಳಿ. ಓದಿದ ಮೇಲೆ ಸಹಿ ಹಾಕಿ. ಆಗಲೇ ಆ ಪುಟದ ಫೋಟೊ ತೆಗೆಯಲು ಅವಕಾಶ ಕೇಳಿ.

ಕೋರಂ ಬಗ್ಗೆಯೂ ಒಂದು ಮಾತು. ಕೋರಂ ಎಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಜನ. ಅದು ಇಲ್ಲದಿದ್ದರೆ ಸಭೆ ಮುಂದೂಡಬೇಕು. ನಿಮಗೆ ಬೇಕಾದ ತೀರ್ಮಾನ ಇಂಥ ಸಭೆಯಲ್ಲಿ ಆದರೆ ಖುಷಿಪಡಬೇಡಿ. ನಾಳೆ ಯಾರಾದರೂ ಪ್ರಶ್ನಿಸಿದರೆ ಅದು ಬಿದ್ದುಹೋಗುತ್ತದೆ.

ಹಂತ 6: ಕ್ರಿಯಾ ಯೋಜನೆ ಮತ್ತು ಬಜೆಟ್‌ನಲ್ಲಿ ಹೆಸರು ಹುಡುಕಿ

ಗ್ರಾಮ ಸಭೆಯಲ್ಲಿ ಬಂದ ಬೇಡಿಕೆಗಳೆಲ್ಲ ಸೇರಿದರೆ ಕೈಯಲ್ಲಿರುವ ದುಡ್ಡಿಗಿಂತ ಎಷ್ಟೋ ಪಟ್ಟು ಆಗುತ್ತದೆ. ಸದಸ್ಯರ ಸಾಮಾನ್ಯ ಸಭೆಯಲ್ಲಿ ಅದನ್ನು ಕತ್ತರಿಸಿ, ಅನುದಾನಕ್ಕೆ ಹೊಂದಿಸಿ, ವರ್ಷದ ಕ್ರಿಯಾ ಯೋಜನೆ ಮಾಡುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಜೆಟ್ ಬರುತ್ತದೆ. ಕೆಲಸಗಳು ಕೈಬಿಟ್ಟು ಹೋಗುವುದು ಈ ಕತ್ತರಿಸುವ ಹೊತ್ತಿನಲ್ಲೇ. ಜನರು ಗ್ರಾಮ ಸಭೆ ಮುಗಿಯಿತು ಎಂದು ನಿಶ್ಚಿಂತರಾಗಿರುತ್ತಾರೆ.

ಜನವರಿಯಿಂದಲೇ ನಿಮ್ಮ ವಾರ್ಡ್ ಸದಸ್ಯರನ್ನು ವಿಚಾರಿಸುತ್ತಿರಿ. ವಾರ್ಡ್‌ಗೆ ಸಮನಾಗಿ ಹಂಚೋಣ ಎಂದು ಸದಸ್ಯರು ದುಡ್ಡನ್ನು ಸಣ್ಣ ಸಣ್ಣ ತುಂಡು ಮಾಡುವುದುಂಟು. ಆಗ 120 ಮೀಟರ್ ಚರಂಡಿಗೆ 40 ಮೀಟರ್‌ನ ಹಣ ಬರುತ್ತದೆ, ನೀರು ಹೋಗಿ ಇನ್ನೊಬ್ಬರ ಮನೆ ಮುಂದೆ ನಿಲ್ಲುತ್ತದೆ. ಅರ್ಧ ಚರಂಡಿ ಕೊಟ್ಟರೆ ತಗ್ಗಿನ ಕಡೆಯಿಂದ ಶುರು ಮಾಡಲು, ಉಳಿದದ್ದನ್ನು ಮುಂದಿನ ವರ್ಷಕ್ಕೆ ಈಗಲೇ ಬರೆದಿಡಲು ಹೇಳಿ.

ಹಂತ 7: ಕೆಲಸ ನಡೆಯುವಾಗ ಅಂದಾಜು ಪಟ್ಟಿ ಕೈಲಿರಲಿ

ಕೆಲಸ ಶುರುವಾಗುವ ಮೊದಲು ಅಂದಾಜು ಪಟ್ಟಿಯ ಪ್ರತಿ ಪಡೆಯಿರಿ. ಉದ್ದ, ಅಗಲ, ಆಳ, ಕಾಂಕ್ರೀಟಿನ ದಪ್ಪ ಅದರಲ್ಲಿರುತ್ತದೆ. ಟೇಪ್ ಹಿಡಿದು ನೀವೇ ಅಳೆಯಿರಿ, ಕಾಂಕ್ರೀಟ್ ಹಾಕಿದ ಮೇಲೆ ನೀರು ಹಾಕಿ ಕ್ಯೂರಿಂಗ್ ಮಾಡುತ್ತಿದ್ದಾರೆಯೇ ನೋಡಿ. ಕೊನೆಗೆ ಜೆಇ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಆದ ಕೆಲಸದ ಅಳತೆ ಬರೆಯುತ್ತಾರೆ. ಬಿಲ್ ಆಗುವುದು ಅದರ ಮೇಲೆ. ತಕರಾರು ಇದ್ದರೆ ಬಿಲ್ ಆಗುವ ಮೊದಲೇ, ಬರಹದಲ್ಲಿ, ಪಿಡಿಒಗೆ ಕೊಡಿ. ಗುತ್ತಿಗೆದಾರರ ಜೊತೆ ಜಗಳಕ್ಕೆ ನಿಲ್ಲಬೇಡಿ, ಕೆಲಸ ನಿಂತರೆ ನಷ್ಟ ನಿಮ್ಮ ಬೀದಿಗೇ.

ಹಂತ 8: ಜಮಾಬಂದಿಗೆ ಹೋಗಿ ಲೆಕ್ಕ ಕೇಳಿ

ಜಮಾಬಂದಿ ಎಂದರೆ ಕಳೆದ ವರ್ಷದ ಜಮಾ ಖರ್ಚು, ಆದ ಕೆಲಸ ಎಲ್ಲವನ್ನೂ ಜನರ ಮುಂದೆ ಪರಿಶೀಲಿಸುವುದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯಬೇಕು. ಹೊರಗಿನ ಅಧಿಕಾರಿಗಳು ಬರುತ್ತಾರೆ, ಕಡತಗಳನ್ನು ಮುಂದಿಡುತ್ತಾರೆ, ಕೆಲಸದ ಜಾಗಗಳನ್ನೂ ನೋಡುತ್ತಾರೆ.

ಇಷ್ಟು ಒಳ್ಳೆಯ ಅವಕಾಶ ಇದ್ದೂ ಬಹಳ ಊರುಗಳಲ್ಲಿ ಜನ ಹೋಗುವುದೇ ಇಲ್ಲ ಎನ್ನುವುದು ನನಗೆ ಬೇಸರದ ವಿಷಯ. ಇಡೀ ಪಂಚಾಯಿತಿಯ ಲೆಕ್ಕ ಅರ್ಥ ಮಾಡಿಕೊಳ್ಳಬೇಕಿಲ್ಲ. ನಿಮ್ಮ ವಾರ್ಡ್‌ನ ಒಂದು ಕೆಲಸ ಆರಿಸಿ. ಅಂದಾಜು ಎಷ್ಟಿತ್ತು, ಬಿಲ್ ಎಷ್ಟಾಯಿತು, ಅಳತೆ ಎಷ್ಟು ಬರೆದಿದ್ದಾರೆ, ಜಾಗದಲ್ಲಿ ಎಷ್ಟಿದೆ ಎಂದು ಹೋಲಿಸಿ. ತೆರಿಗೆ ಬಾಕಿಯ ಪಟ್ಟಿಯನ್ನೂ ಕೇಳಿ. ದೊಡ್ಡ ಬಾಕಿದಾರರು ಯಾರು ಎಂದು ಗೊತ್ತಾದರೆ ಸ್ವಂತ ಆದಾಯ ಏಕೆ ಕಡಿಮೆ ಎಂಬುದೂ ಗೊತ್ತಾಗುತ್ತದೆ. ಅದಕ್ಕೆ ಮೊದಲು ನಿಮ್ಮ ಮನೆ ಕಂದಾಯ ಕಟ್ಟಿ ರಸೀದಿ ಇಟ್ಟುಕೊಂಡಿರಿ.

ಹಂತ 9: ಉತ್ತರ ಬರದಿದ್ದರೆ

ಮೊದಲು ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಇದನ್ನು ಮೀರಿದರೆ ಅರ್ಜಿ ತಿರಸ್ಕಾರವಾಗಬಹುದು. "ಏಕೆ ಕೆಲಸ ಮಾಡಿಲ್ಲ?" ಎಂದು ಕೇಳಬೇಡಿ, ಕಾರಣ ಕೇಳಿದರೆ ಅದು ಮಾಹಿತಿ ಅಲ್ಲ ಎಂದು ಉತ್ತರ ಬರುತ್ತದೆ. "ಇಂಥ ತಾರೀಖಿನ ಗ್ರಾಮ ಸಭೆಯ ನಡಾವಳಿ ಪ್ರತಿ ಕೊಡಿ", "ಈ ವರ್ಷದ ಅನುಮೋದಿತ ಕ್ರಿಯಾ ಯೋಜನೆಯ ಪ್ರತಿ ಕೊಡಿ" ಎಂದು ದಾಖಲೆ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮತ್ತೆ 30 ದಿನದೊಳಗೆ ಮೇಲ್ಮನವಿ ಹಾಕಿ. ಅದಕ್ಕೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ.

ದಾಖಲೆ ಕೈಗೆ ಬಂದ ಮೇಲೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಕೊಡಿ. ಎಲ್ಲರೂ ಇಒ ಎನ್ನುವುದು ಇವರನ್ನೇ. ಅಲ್ಲೂ ಆಗದಿದ್ದರೆ ಜಿಲ್ಲಾ ಪಂಚಾಯಿತಿ ಸಿಇಒ. ದುಡ್ಡು ತಿಂದ ಪುರಾವೆ ಇದ್ದರೆ ಲೋಕಾಯುಕ್ತ. ದೂರಿನಲ್ಲಿ "ಭ್ರಷ್ಟಾಚಾರ ನಡೆದಿದೆ" ಎಂದು ಬರೆಯುವುದಕ್ಕಿಂತ "ಅಳತೆ ಪುಸ್ತಕದಲ್ಲಿ 120 ಮೀಟರ್ ಇದೆ, ಜಾಗದಲ್ಲಿ 85 ಮೀಟರ್ ಇದೆ, ಫೋಟೊ ಲಗತ್ತಿಸಿದೆ" ಎಂದು ಬರೆಯಿರಿ. ಇಂಥ ದೂರಿಗೆ ಅಧಿಕಾರಿ ಜಾಗಕ್ಕೆ ಬಂದು ನೋಡಲೇಬೇಕಾಗುತ್ತದೆ.

ಈ ವರ್ಷ ಪಟ್ಟಿಗೆ ಸೇರದಿದ್ದರೆ ಹಳೇ ಅರ್ಜಿಯ ಸ್ವೀಕೃತಿ ಮತ್ತು ನಡಾವಳಿ ಪ್ರತಿಯನ್ನು ಹೊಸ ಅರ್ಜಿಗೆ ಲಗತ್ತಿಸಿ, ಸೆಪ್ಟೆಂಬರ್ ಒಳಗೆ ಮತ್ತೆ ಕೊಡಿ. ಬಾಕಿ ಉಳಿದ ಬೇಡಿಕೆ ಎಂದು ತಲೆಬರಹದಲ್ಲೇ ಬರೆಯಿರಿ.